ಹಳೆಯ ಔಟ್‌ಬೋರ್ಡ್ ದೋಣಿ ಎಂಜಿನ್ ಐದೇ ನಿಮಿಷಕ್ಕೆ ಬಿಸಿಯೇರಿ ನಿಲ್ಲುತ್ತಿತ್ತು: ನನ್ನ ಅನುಭವ

ಗೋವಾದ ವಾಸ್ಕೋದಲ್ಲಿ ಜುವಾರಿ ನದಿಯ ಉಪ್ಪುನೀರಿಗೆ ಇಳಿಯುವ, ದೋಣಿಯ ಹಿಂಬದಿಗೆ ಕೂರಿಸುವ ಹಳೆಯ ಟೂ-ಸ್ಟ್ರೋಕ್ ಎಂಜಿನ್. ಹೊಸ ಇಂಪೆಲ್ಲರ್ (ನೀರಿನ ಪಂಪ್‌ನೊಳಗಿನ ರಬ್ಬರ್ ರೆಕ್ಕೆಗಳ ಚಕ್ರ) ಹಾಕಿದರೂ ಹಿಂದಿನ ರಂಧ್ರದಿಂದ ತಂಪುಗೊಳಿಸುವ ನೀರು ದಾರದಷ್ಟೇ ಬರುತ್ತಿತ್ತು.

ತಪ್ಪು ಇದ್ದದ್ದು ಪಂಪ್‌ಗಿಂತ ಮೇಲೆ. ಹಳೆಯ ಇಂಪೆಲ್ಲರ್ ಹೊರತೆಗೆದಾಗ ಅದರ ರೆಕ್ಕೆಗಳನ್ನು ಎಣಿಸಲೇಬೇಕು. ಇದರಲ್ಲಿ ಎರಡು ಮುರಿದಿದ್ದವು. ಆ ರಬ್ಬರ್ ಚೂರುಗಳು ತಾಮ್ರದ ನೀರಿನ ಕೊಳವೆಯೊಳಗೆ ಕೂತಿದ್ದವು. ಮೇಲಿನಿಂದ ಕೆಳಕ್ಕೆ ಗಾಳಿ ಊದಿದಾಗ ಉದುರಿದವು. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರು ಬಿಡುವ ಕವಾಟ) ಮೇಲೆ ಬಿಳಿ ಉಪ್ಪಿನ ಹಕ್ಕಳೆ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಬಿಸಿನೀರಿನಲ್ಲಿ ಇಳಿಬಿಟ್ಟು ಕವಾಟ ತೆರೆಯುವುದನ್ನು ಕಣ್ಣಾರೆ ನೋಡಿದೆ. ತೆರೆಯದಿದ್ದರೆ ಬದಲಿಸುವುದೇ ಸರಿ.

ಅಲ್ಯೂಮಿನಿಯಂಗೆ ಕಚ್ಚಿಕೊಂಡ ಸ್ಟೀಲ್ ಬೋಲ್ಟ್‌ಗಳೇ ದೊಡ್ಡ ತಲೆನೋವು. ಬಲ ಹಾಕಿದರೆ ತಲೆ ತುಂಡಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹೀಟ್ ಗನ್‌ನಿಂದ ಸುತ್ತಲಿನ ಲೋಹ ಕಾಯಿಸಿ, ಹಿಂದೆಮುಂದೆ ಸ್ವಲ್ಪಸ್ವಲ್ಪವೇ ತಿರುಗಿಸಿ. ಮತ್ತೆ ಕೂರಿಸುವಾಗ ಮರೀನ್ ಗ್ರೀಸ್ ಮರೆಯಬೇಡಿ.

ಪಂಪ್ ಮುಚ್ಚಳ ಒತ್ತುವಾಗ ಶಾಫ್ಟನ್ನು ಪ್ರದಕ್ಷಿಣೆಯಾಗಿ ತಿರುಗಿಸಿ, ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಗೇರ್ ಆಯಿಲನ್ನು ಗೇರ್‌ಪೆಟ್ಟಿಗೆಯ ಕೆಳಗಿನ ತೂತಿನಿಂದ ತುಂಬಿ, ಮೇಲಿನದರಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ. ಹಳೆಯ ಎಣ್ಣೆ ಹಾಲಿನ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ಹೆಚ್ಚಾಗಿ ಸೀಲ್ ಹೋಗಿರುತ್ತದೆ.

ಈಗ ನೀರು ತುಂಬಿದ ಡ್ರಮ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೂ ನೀರು ಪೆನ್ಸಿಲ್ ದಪ್ಪಕ್ಕೆ ಚಿಮ್ಮುತ್ತದೆ.