ಮೆಕಾಂಗ್ ದಡದ ಹಳ್ಳಿಗಳಲ್ಲಿ ಗುಂಪು ಸೈಕಲ್ ಪ್ರವಾಸ: ಸಿದ್ಧತೆ ಹೇಗೆ, ಸಾಗುವುದು ಹೇಗೆ?

ದಕ್ಷಿಣ ಲಾವೋಸ್‌ನ ಪಾಕ್ಸೆ ಪಟ್ಟಣದಿಂದ ಕಾಂಬೋಡಿಯದ ರಾಜಧಾನಿ ನೋಮ್ ಪೆನ್‌ವರೆಗೆ ಮೆಕಾಂಗ್ ನದಿಯ ಜೊತೆಜೊತೆಗೇ ಸಾಗುವ ದಾರಿಯು ಸುಮಾರು 600 ಕಿಲೋಮೀಟರ್ ಉದ್ದವಿದೆ. ಏರು ಬಹುತೇಕ ಇಲ್ಲ, ಊರಿಂದೂರಿಗೆ ಅಂತರ ಕಡಿಮೆ, ಸಂಜೆಯ ಹೊತ್ತಿಗೆ ತಂಗಲು ಏನಾದರೊಂದು ಸಿಗುತ್ತದೆ. ಹೀಗಾಗಿ ದೂರದ ಸೈಕಲ್ ಪ್ರವಾಸಕ್ಕೆ ಮೊದಲ ಬಾರಿ ಹೊರಡುವ ಗುಂಪಿಗೆ ಇದು ಒಳ್ಳೆಯ ಆಯ್ಕೆ. ಆದರೆ ಇಲ್ಲಿ ಎಡವಟ್ಟಾಗುವುದು ದೂರದಿಂದಲ್ಲ, ಗುಂಪಿನ ಗಾತ್ರದಿಂದ. ಒಬ್ಬ ಸವಾರನನ್ನು ಸಲೀಸಾಗಿ ಸಲಹುವ ಹಳ್ಳಿಗೆ ಇಪ್ಪತ್ತು ಮಂದಿ ಒಟ್ಟಿಗೆ ಬಂದಿಳಿದರೆ ಅನ್ನ, ನೀರು, ಚಾಪೆ ಯಾವುದೂ ಸಾಲುವುದಿಲ್ಲ. ಆದ್ದರಿಂದ ಸಿದ್ಧತೆಯನ್ನು ಸೈಕಲ್‌ನಿಂದಲ್ಲ, ಗುಂಪಿನಿಂದಲೇ ಆರಂಭಿಸಬೇಕು.

ಮೊದಲು ಗುಂಪು

ಆರರಿಂದ ಎಂಟು ಮಂದಿ ಸರಿಯಾದ ಸಂಖ್ಯೆ. ದಾರಿಬದಿಯ ನೂಡಲ್ಸ್ ಅಂಗಡಿಯಲ್ಲಿ ಒಲೆಯ ಮೇಲಿರುವುದು ಒಂದೇ ಪಾತ್ರೆ; ಹೋಂ ಸ್ಟೇ ಎಂದರೆ ಕಂಬಗಳ ಮೇಲೆ ಕಟ್ಟಿದ ಮರದ ಮನೆಯ ನೆಲದಲ್ಲಿ ಹಾಸಿದ ಹಾಸಿಗೆ ಮತ್ತು ಸೊಳ್ಳೆಪರದೆ; ನದಿ ದಾಟಿಸುವ ಚಿಕ್ಕ ದೋಣಿಯಲ್ಲಿ ಸೈಕಲ್‌ಗಳನ್ನು ಒಂದರ ಮೇಲೊಂದು ಒರಗಿಸಿದರೂ ಹಿಡಿಸುವುದು ಕೆಲವೇ. ಹೆಚ್ಚು ಜನ ಬರುವುದಾದರೆ ಎರಡು ತಂಡ ಮಾಡಿ, ಅರ್ಧ ದಿನದ ಅಂತರದಲ್ಲಿ ಹೊರಟು, ಬೇರೆ ಬೇರೆ ಹಳ್ಳಿಗಳಲ್ಲಿ ತಂಗಿ, ಪಟ್ಟಣಗಳಲ್ಲಿ ಮಾತ್ರ ಒಂದಾಗುವುದು ಲೇಸು. ಇದು ಕೆಲವರಿಗೆ ರುಚಿಸುವುದಿಲ್ಲ. ಎಲ್ಲರೂ ಒಂದೇ ಫೋಟೊದಲ್ಲಿ ಇರಬೇಕೆಂಬ ಆಸೆ ಪ್ರಬಲವಾದದ್ದು.

ದಿನದ ದೂರವನ್ನು ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ತುಳಿಯುವವರ ಲೆಕ್ಕದಲ್ಲೇ ನಿಗದಿಪಡಿಸಬೇಕು. ದಿನಕ್ಕೆ 55ರಿಂದ 70 ಕಿ.ಮೀ. ಸಾಕು. ಹೊರಡುವ ಮೊದಲು ಪೂರ್ತಿ ಸಾಮಾನು ಹೇರಿಕೊಂಡು ಎರಡು ದಿನ ಸತತವಾಗಿ ಸವಾರಿ ಮಾಡಿ ನೋಡುವುದು ಕಡ್ಡಾಯ. ಬೆಂಗಳೂರಿನ ಸವಾರರು ಸಾಮಾನ್ಯವಾಗಿ ನಂದಿ ಬೆಟ್ಟ ಹತ್ತುವುದನ್ನೇ ಅಭ್ಯಾಸವೆಂದು ತಿಳಿಯುತ್ತಾರೆ. ಮೆಕಾಂಗ್ ದಾರಿಗೆ ಅದಕ್ಕಿಂತ ಮಂಡ್ಯದ ಕಡೆಯ ನಾಲೆ ಏರಿಗಳ ಮೇಲೆ ಬಿಸಿಲಿನಲ್ಲಿ ಏಕತಾನವಾಗಿ ತುಳಿಯುವ ಅಭ್ಯಾಸ ಹೆಚ್ಚು ಉಪಯುಕ್ತ. ಎರಡನೆಯ ದಿನ ಬೆಳಿಗ್ಗೆ ಸೀಟಿನ ಮೇಲೆ ಕುಳಿತಾಗ ಆಗುವ ನೋವು, ಯಾರು ಬರಬಹುದು ಎಂಬುದನ್ನು ತಾನೇ ತೀರ್ಮಾನಿಸುತ್ತದೆ.

ಕೆಲಸಗಳನ್ನೂ ಆಗಲೇ ಹಂಚಿಕೊಳ್ಳಬೇಕು. ಮುಂದೆ ದಾರಿ ನೋಡುವವರು ಒಬ್ಬರು, ಪಂಪ್ ಮತ್ತು ಪ್ರಥಮ ಚಿಕಿತ್ಸೆಯ ಚೀಲದೊಂದಿಗೆ ಎಲ್ಲರಿಗಿಂತ ಹಿಂದೆ ಬರುವವರು ಒಬ್ಬರು, ಊಟ ಮತ್ತು ವಸತಿಯ ಹಣವನ್ನು ಒಂದೇ ಕೈಯಿಂದ ಕೊಡುವವರು ಇನ್ನೊಬ್ಬರು. ಸವಾರಿಯಲ್ಲಿ ಒಂದೇ ನಿಯಮ ಸಾಕು: ದಾರಿ ಕವಲೊಡೆದಲ್ಲಿ ಹಿಂದಿನವರು ಕಣ್ಣಿಗೆ ಬೀಳುವವರೆಗೆ ಮುಂದಿನವರು ಕದಲಕೂಡದು. ಫೋನ್ ಸಿಗ್ನಲ್ ಇಲ್ಲದ ಕಡೆಯೂ ಈ ನಿಯಮ ಕೆಲಸ ಮಾಡುತ್ತದೆ.

ಕಾಲ ಮತ್ತು ಮಾರ್ಗ

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಳೆಯಿಲ್ಲ, ಮುಂಜಾನೆ ತಂಪಾಗಿರುತ್ತದೆ, ಈಶಾನ್ಯದ ಗಾಳಿ ದಕ್ಷಿಣಕ್ಕೆ ಸಾಗುವವರ ಬೆನ್ನಿಗೇ ಬೀಸುತ್ತದೆ. ನೋಮ್ ಪೆನ್‌ನಿಂದ ಪಾಕ್ಸೆಗೆ ಹೋಗದೆ ಪಾಕ್ಸೆಯಿಂದ ಹೊರಡಬೇಕೆನ್ನುವುದು ಇದೇ ಕಾರಣಕ್ಕೆ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಬಿಸಿಲಿನ ಜೊತೆಗೆ ಹೊಲ ಸುಡುವ ಹೊಗೆಯೂ ಇರುತ್ತದೆ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ. ಅಲ್ಲಿಂದ ಥಾಯ್ಲೆಂಡ್‌ನ ಉಬೋನ್ ರಾಚತಾನಿಗೆ ಹೋಗಿ, ಚೋಂಗ್ ಮೆಕ್ ಗಡಿ ದಾಟಿದರೆ ಪಾಕ್ಸೆ ದೂರವಿಲ್ಲ. ನಮ್ಮಂತೆಯೇ ಥಾಯ್ಲೆಂಡ್‌ನಲ್ಲೂ ವಾಹನಗಳು ಎಡಬದಿಯಲ್ಲಿ ಚಲಿಸುತ್ತವೆ; ಲಾವೋಸ್ ಮತ್ತು ಕಾಂಬೋಡಿಯಗಳಲ್ಲಿ ಬಲಬದಿಯಲ್ಲಿ. ಮೊದಲ ದಿನ, ಅದರಲ್ಲೂ ವಿಶ್ರಾಂತಿಯ ನಂತರ ಖಾಲಿ ರಸ್ತೆಗೆ ಮರಳುವಾಗ, ಇದನ್ನು ಪರಸ್ಪರ ನೆನಪಿಸುತ್ತಿರಬೇಕು.

ಪಾಕ್ಸೆಯಿಂದ ದಕ್ಷಿಣಕ್ಕೆ 13ನೇ ಸಂಖ್ಯೆಯ ಹೆದ್ದಾರಿ ನೇರವಾಗಿದ್ದರೂ ಲಾರಿಗಳ ಕಾಟವಿದೆ. ಬದಲಿಗೆ ನದಿಯ ಪಶ್ಚಿಮ ದಂಡೆಯ ರಸ್ತೆ ಹಿಡಿದರೆ ಮೊದಲ ದಿನವೇ ಚಂಪಾಸಕ್ ಸೇರಿ, ಹತ್ತಿರದ ವಾಟ್ ಫು ದೇವಾಲಯವನ್ನು ನೋಡಬಹುದು. ಬೆಟ್ಟದ ಬುಡದಲ್ಲಿ ಶಿವನಿಗಾಗಿ ಕಟ್ಟಿ, ಮುಂದೆ ಬೌದ್ಧರ ಪೂಜಾಸ್ಥಳವಾದ ಈ ಖಮೇರ್ ದೇಗುಲ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮುಂದೆ ನದಿ ಹರಡಿಕೊಂಡು ಸಿ ಫಾನ್ ಡೋನ್ ಎಂಬ ದ್ವೀಪ ಸಮೂಹವಾಗುತ್ತದೆ. ಇಲ್ಲಿನ ಜಲಪಾತಗಳನ್ನು ದೋಣಿ ದಾಟಲಾಗದೆ ಫ್ರೆಂಚರು ಸರಕು ಸಾಗಿಸಲು ಹಾಕಿದ ಪುಟ್ಟ ರೈಲು ಹಾದಿಯ ಜಾಡಿನಲ್ಲೇ ಈಗ ಡೋನ್ ಡೆಟ್ ಮತ್ತು ಡೋನ್ ಖೋನ್ ದ್ವೀಪಗಳ ನಡುವೆ ಸೈಕಲ್ ಓಡಿಸಬಹುದು. ಹಳೆಯ ಸೇತುವೆ ಗಟ್ಟಿಮುಟ್ಟಾಗಿದೆ. ಒಂದು ದಿನದ ಬಿಡುವಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿಲ್ಲ.

ಗಡಿ ದಾಟಿದ ಮೇಲೆ ಸ್ಟಂಗ್ ಟ್ರೆಂಗ್‌ವರೆಗಿನ ಸುಮಾರು 60 ಕಿ.ಮೀ. ನೀರಸವಾದದ್ದು, ತಲೆ ತಗ್ಗಿಸಿ ತುಳಿದು ಮುಗಿಸಬೇಕು. ಅಲ್ಲಿಂದ ಕ್ರಾಟಿಯೆವರೆಗೆ ‘ಮೆಕಾಂಗ್ ಡಿಸ್ಕವರಿ ಟ್ರೇಲ್’ ಎಂದು ಗುರುತಿಸಿದ ಹಳ್ಳಿದಾರಿಗಳಿವೆ. ಕ್ರಾಟಿಯೆಗೆ ಸ್ವಲ್ಪ ಉತ್ತರದ ಕಂಪಿಯಲ್ಲಿ ನದಿಯ ಐರಾವತಿ ಡಾಲ್ಫಿನ್‌ಗಳನ್ನು ನೋಡಲು ದೋಣಿ ಸಿಗುತ್ತದೆ. ಕ್ರಾಟಿಯೆಯಿಂದ ಛ್ಲೋಂಗ್ ಮಾರ್ಗವಾಗಿ ಕಂಪೋಂಗ್ ಚಾಮ್‌ನತ್ತ ಸಾಗುವ ದಂಡೆಯ ದಾರಿಯೇ ಇಡೀ ಪ್ರವಾಸದ ತಿರುಳು: ಬೌದ್ಧ ವಿಹಾರದ ಬಣ್ಣದ ಕಮಾನು ಕಳೆದ ಸ್ವಲ್ಪ ಹೊತ್ತಿಗೆ ಚಾಮ್ ಮುಸ್ಲಿಮರ ಮಸೀದಿ, ತಂಬಾಕಿನ ಗದ್ದೆ, ಒಣಗಲು ಹಾಕಿದ ಮೀನು, ಮದುವೆಯ ಶಾಮಿಯಾನ ರಸ್ತೆಯನ್ನೇ ಆವರಿಸಿದ್ದರೆ ಅದರ ಪಕ್ಕದಲ್ಲೊಂದು ಸಂದು.

ಸೈಕಲ್ ಮತ್ತು ಹೊರೆ

ದುಬಾರಿ ಸೈಕಲ್ ಬೇಡ, ದುರಸ್ತಿಯಾಗುವಂಥದ್ದು ಬೇಕು. ಟೈರು 40 ಮಿ.ಮೀ. ಆಸುಪಾಸಿನಷ್ಟು ಅಗಲವಾಗಿರಲಿ, ಏಕೆಂದರೆ ದಂಡೆಯ ದಾರಿ ಡಾಂಬರಿನಿಂದ ಕೆಂಪು ಮಣ್ಣಿಗೆ, ಮಣ್ಣಿನಿಂದ ಮರಳಿಗೆ ಬದಲಾಗುತ್ತಿರುತ್ತದೆ. ಹಳ್ಳಿಯ ಬೈಕ್ ರಿಪೇರಿ ಅಂಗಡಿಯವರು ಪಂಕ್ಚರ್ ಹಾಕುವುದರಲ್ಲಿ ನಿಪುಣರು, ಆದರೆ ಅವರ ಪಂಪ್ ಬೈಕ್ ವಾಲ್ವ್‌ಗೆ ಹೊಂದುವಂಥದ್ದು. ಸಪೂರ ಪ್ರೆಸ್ಟಾ ವಾಲ್ವ್ ಇರುವವರು ಅಡಾಪ್ಟರ್ ಒಯ್ಯಬೇಕು. ಗುಂಪಿನ ಎಲ್ಲರೂ ಸಾಧ್ಯವಾದಷ್ಟು ಒಂದೇ ಅಳತೆಯ ಚಕ್ರ ಇಟ್ಟುಕೊಂಡರೆ ಬಿಡಿ ಟ್ಯೂಬ್‌ಗಳ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ. ಹಿಂದಿನ ಗೇರ್ ಜೋಡಿಸುವ ಹ್ಯಾಂಗರ್ ಮಾತ್ರ ಸೈಕಲ್‌ನಿಂದ ಸೈಕಲ್‌ಗೆ ಬೇರೆ. ಅದನ್ನು ಪ್ರತಿಯೊಬ್ಬರೂ ಒಂದೊಂದು ಒಯ್ಯಬೇಕು. ಚೈನ್‌ಗೆ ಅಂಟಿದ ಧೂಳನ್ನು ದಿನವೂ ಸಂಜೆ ಬಟ್ಟೆಯಿಂದ ಒರೆಸದಿದ್ದರೆ ಮರುದಿನ ಅದೇ ದೂರು ಹೇಳುತ್ತದೆ.

ವೀಸಾ ಮತ್ತು ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ನೀವು ದಾಟಲಿರುವ ಗಡಿಠಾಣೆಯ ಹೆಸರನ್ನೇ ಹಿಡಿದು, ಅಲ್ಲಿ ನಿಮ್ಮ ವೀಸಾ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಲಾವೋಸ್‌ನಲ್ಲಿ ಕಿಪ್, ಕಾಂಬೋಡಿಯದಲ್ಲಿ ರಿಯಲ್ ಮತ್ತು ಅಮೆರಿಕನ್ ಡಾಲರ್ ಎರಡೂ ನಡೆಯುತ್ತವೆ, ಆದರೆ ಚೂರು ಹರಿದ ಡಾಲರ್ ನೋಟನ್ನೂ ಅಂಗಡಿಯವರು ಹಿಂದಿರುಗಿಸುತ್ತಾರೆ. ಹಳ್ಳಿಗಳಿಗೆ ಚಿಲ್ಲರೆ ನೋಟುಗಳೇ ಬೇಕು.

ಹಳ್ಳಿಯಲ್ಲಿ

ಬೆಳಕು ಹರಿಯುತ್ತಿದ್ದಂತೆ ಹೊರಟು, ಹನ್ನೊಂದರೊಳಗೆ ಹೆಚ್ಚಿನ ದೂರ ಮುಗಿಸಿ, ಬಿಸಿಲಿಳಿಯುವವರೆಗೆ ನೆರಳಿನಲ್ಲಿರಬೇಕು. ರಾತ್ರಿಯ ಊಟ ಮತ್ತು ವಸತಿಯ ವಿಷಯವನ್ನು ಹಿಂದಿನ ದಿನವೇ ಫೋನ್ ಮಾಡಿಸಿ ತಿಳಿಸುವುದು ಗುಂಪಿನ ಕರ್ತವ್ಯ. ತಂಗಿದ ಮನೆಯವರನ್ನೇ ಮುಂದಿನ ಊರಿಗೆ ಮಾತನಾಡಲು ಕೇಳಿಕೊಂಡರೆ ಭಾಷೆಯ ತೊಡಕು ಅಲ್ಲಿಗೇ ಬಗೆಹರಿಯುತ್ತದೆ. ಕ್ರಾಟಿಯೆ ಎದುರಿನ ಕೊಹ್ ಟ್ರೋಂಗ್ ದ್ವೀಪದಂಥ ಕಡೆ ಹೋಂ ಸ್ಟೇ ವ್ಯವಸ್ಥೆ ರೂಢಿಯಲ್ಲಿದೆ. ಅದಿಲ್ಲದ ಹಳ್ಳಿಯಲ್ಲಿ ತಂಗಬೇಕಾಗಿ ಬಂದರೆ ನೇರವಾಗಿ ಯಾರದೋ ಮನೆಗೆ ಹೋಗದೆ ಮೊದಲು ಊರಿನ ಮುಖ್ಯಸ್ಥರನ್ನು ಕಂಡು ಅನುಮತಿ ಕೇಳಬೇಕು. ವಿಹಾರದ ಆವರಣಕ್ಕೆ ಸೈಕ್ಲಿಂಗ್‌ನ ಬಿಗಿಯುಡುಪಿನಲ್ಲಿ ಹೋಗಕೂಡದು. ಮೇಲೆ ಸುತ್ತಿಕೊಳ್ಳಲು ಒಂದು ಲುಂಗಿ ಕೈಗೆಟುಕುವಂತಿರಲಿ.

ಸಸ್ಯಾಹಾರಿಗಳು ಗುಂಪಿನಲ್ಲಿದ್ದರೆ ಮೊದಲೇ ವಾಸ್ತವ ತಿಳಿದಿರಬೇಕು. ಮಾಂಸವಿಲ್ಲದ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತದೆ. ಲಾವೋಸ್‌ನ ಪಡೇಕ್, ಕಾಂಬೋಡಿಯದ ಪ್ರಹೋಕ್ ಎರಡೂ ಹುದುಗಿಸಿದ ಮೀನು. ಲಾವೋಸ್‌ನಲ್ಲಿ ‘ಕಿನ್ ಜೇ’ ಎಂದರೆ ಸಸ್ಯಾಹಾರವೆಂದು ಅರ್ಥವಾಗುತ್ತದೆ, ಆದರೂ ಅಡುಗೆ ಆರಂಭಿಸುವ ಮೊದಲು ಹೇಳಬೇಕು. ಅಂಟು ಅನ್ನ, ಬಾಳೆಹಣ್ಣು, ಅಂಟಕ್ಕಿಗೆ ತೆಂಗಿನ ಹಾಲು ಮತ್ತು ಕಾಳು ಬೆರೆಸಿ ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಕ್ರಾಲಾನ್, ಕಬ್ಬಿನ ಹಾಲು ಇವು ದಾರಿಯುದ್ದಕ್ಕೂ ಕೈಹಿಡಿಯುತ್ತವೆ. ಚಟ್ನಿಪುಡಿಯ ಪೊಟ್ಟಣ ಒಯ್ಯುವುದನ್ನು ಯಾರೂ ನಾಚಿಕೆಯ ವಿಷಯವೆಂದು ತಿಳಿಯಬೇಕಿಲ್ಲ.

ಎಚ್ಚರ ತಪ್ಪಬಾರದ ಸಂಗತಿಯೊಂದಿದೆ. 1964ರಿಂದ 1973ರ ನಡುವೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು, ಅದರಲ್ಲಿ ಸಿಡಿಯದೆ ಉಳಿದವು ಇಂದಿಗೂ ಮಣ್ಣಿನಲ್ಲಿವೆ. ಕಾಂಬೋಡಿಯದಲ್ಲಿ ನೆಲಬಾಂಬುಗಳೂ ಇವೆ. ಊರವರು ತುಳಿದು ಸವೆದ ದಾರಿಯನ್ನು ಬಿಟ್ಟು, ಬಹಿರ್ದೆಸೆಗೆಂದೂ, ಒಳದಾರಿಯೆಂದೂ ಪೊದೆಯೊಳಗೆ ಇಳಿಯಬಾರದು. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ ಅಡ್ಡ ಹಿಡಿಯಿರಿ. ಕಚ್ಚಿದರೆ ಗಾಯವನ್ನು ಸೋಪಿನಿಂದ ಚೆನ್ನಾಗಿ ತೊಳೆದು, ಪ್ರವಾಸ ಅಲ್ಲಿಗೇ ನಿಲ್ಲಿಸಿ, ರೇಬಿಸ್ ಲಸಿಕೆ ಸಿಗುವ ಆಸ್ಪತ್ರೆಗೆ ಹೋಗಲೇಬೇಕು. ದೊಡ್ಡ ಗಾಯಕ್ಕೆ ಚಿಕಿತ್ಸೆ ಸಿಗುವುದು ಗಡಿಯಾಚೆಗಿನ ಥಾಯ್ಲೆಂಡ್‌ನಲ್ಲಿ ಅಥವಾ ನೋಮ್ ಪೆನ್‌ನಲ್ಲಿ. ಸಾಗಿಸುವ ವೆಚ್ಚವನ್ನೂ ಭರಿಸುವ ವಿಮೆ ಮಾಡಿಸದವರನ್ನು ಗುಂಪಿಗೆ ಸೇರಿಸಿಕೊಳ್ಳಬೇಡಿ.

ನೋಮ್ ಪೆನ್ ಪ್ರವೇಶಿಸುವ ದಿನ ಹೆದ್ದಾರಿ ಬಿಟ್ಟು, ರೇಷ್ಮೆ ನೇಯುವ ಕೊಹ್ ಡಾಚ್ ದ್ವೀಪದ ಮೂಲಕ ದೋಣಿ ದಾಟಿ ನಗರ ಸೇರುವುದು ಸುರಕ್ಷಿತ. ಹಿಂತಿರುಗುವ ವಿಮಾನಕ್ಕೆ ಮೊದಲು ಒಂದು ಪೂರ್ತಿ ದಿನ ಉಳಿಸಿಕೊಳ್ಳಿ: ಸೈಕಲ್ ಅಂಗಡಿಗಳಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ತರಬೇಕು, ಕೆಂಪು ಮಣ್ಣನ್ನು ತೊಳೆದು ಒಣಗಿಸಬೇಕು, ಪೆಡಲ್ ಬಿಚ್ಚಿ ಹ್ಯಾಂಡಲ್ ತಿರುಗಿಸಿ ಕಟ್ಟಬೇಕು. ಪವರ್ ಬ್ಯಾಂಕ್‌ಗಳನ್ನೂ ಬಿಡಿ ಬ್ಯಾಟರಿಗಳನ್ನೂ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿ ಇರಿಸಿಕೊಳ್ಳಬೇಕು. ಎಂಟು ಪೆಟ್ಟಿಗೆಗಳ ಪೈಕಿ ಒಂದರಲ್ಲಿ ಮರೆತಿದ್ದರೂ ಕೌಂಟರ್‌ನಲ್ಲಿ ಎಲ್ಲವನ್ನೂ ಬಿಚ್ಚಿ ತೋರಿಸಬೇಕಾದೀತು.