ಒಂದು ಸಾವಿನ ಹಿಂದಿನ ಹದಿನಾಲ್ಕು ತಿಂಗಳು

ಕಾಸರಗೋಡಿನ ಉತ್ತರ ಭಾಗದ ಪಂಚಾಯತೊಂದರ ಜಾಗ್ರತಾ ಸಮಿತಿಯಲ್ಲಿ (ಹೆಂಗಸರ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ನೋಡಿಕೊಳ್ಳುವ ಸಮಿತಿ) ಆಪ್ತಸಮಾಲೋಚಕಿಯಾಗಿದ್ದಾಗ, ನಾನು ಎರಡು ಬಾರಿ ಮಾತನಾಡಿಸಿದ್ದ ಹೆಂಗಸೊಬ್ಬಳು ಗಂಡನ ಮನೆಯಲ್ಲಿ ತೀರಿಕೊಂಡಳು. ಪೊಲೀಸರು ಪ್ರಕರಣ ದಾಖಲಿಸಿದರು. ತಪ್ಪಿತಸ್ಥರು ಯಾರೆಂಬುದು ನ್ಯಾಯಾಲಯ ತೀರ್ಮಾನಿಸುವ ವಿಷಯ. ಆದರೆ ಬದುಕಿದ್ದಾಗ ಆಕೆ ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಿದ್ದಳು, ಏನು ಹೇಳಿಸಿಕೊಂಡು ಮರಳಿದ್ದಳು ಎಂದು ಕೇಳುವವರು ಯಾರೂ ಇರಲಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆಯೊಂದರ ಪ್ರಕಾರ, 2011ರ ಏಪ್ರಿಲ್‌ನಿಂದ, ಕೌಟುಂಬಿಕ ಹಿಂಸೆಯಿಂದಾದ ಕೊಲೆಗಳನ್ನು ಪೊಲೀಸ್, ಆರೋಗ್ಯ ಮತ್ತು ಸ್ಥಳೀಯಾಡಳಿತ ಇಲಾಖೆಗಳು ಒಟ್ಟಿಗೆ ಕುಳಿತು ಪರಾಮರ್ಶಿಸುತ್ತವೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ: ಹೆರಿಗೆಯಲ್ಲಿ ತೀರಿಕೊಂಡ ತಾಯಂದಿರ ವಿವರಗಳನ್ನು ಹೆಸರು ಮರೆಮಾಚಿ, ಯಾರನ್ನೂ ದೂರದೆ ಅಧ್ಯಯನ ಮಾಡುವ ಕ್ರಮವನ್ನು ಕೇರಳದ ಪ್ರಸೂತಿ ತಜ್ಞರು 2004ರಲ್ಲೇ ಆರಂಭಿಸಿದ್ದರು. ಹೆರಿಗೆಯ ಸಾವಿಗೆ ಸಲ್ಲುವ ಈ ಗೌರವ ಹೊಡೆತ ತಿಂದು ಸತ್ತವಳಿಗೂ ಸಲ್ಲಬೇಕೆಂದು ನಾನು ಸಮಿತಿಯ ಮುಂದಿಟ್ಟೆ.

ಮೊದಲು ಆಕೆಯ ತಾಯಿಯ ಒಪ್ಪಿಗೆ ಪಡೆದೆವು. ನಮ್ಮ ಟಿಪ್ಪಣಿ ಯಾರ ಮೇಲೂ ಕ್ರಮಕ್ಕೆ ಆಧಾರವಾಗುವುದಿಲ್ಲ, ತನಿಖೆಯ ದಾಖಲೆಗಳನ್ನು ನಾವು ಮುಟ್ಟುವುದಿಲ್ಲ ಎಂದು ಬರೆದು ಎಲ್ಲರೂ ಸಹಿ ಹಾಕಿದೆವು. ಆ ಭರವಸೆಯಿಲ್ಲದೆ ಯಾವ ಸಿಬ್ಬಂದಿಯೂ ಬಾಯಿ ತೆರೆಯುತ್ತಿರಲಿಲ್ಲ. ಆಮೇಲೆ ಗೋಡೆಯ ಮೇಲೆ ಉದ್ದದ ಹಾಳೆ ಅಂಟಿಸಿ, ಸಾವಿನ ದಿನದಿಂದ ಹಿಂದಕ್ಕೆ ಹದಿನಾಲ್ಕು ತಿಂಗಳ ಘಟನೆಗಳನ್ನು ತಾರೀಕಿನ ಪ್ರಕಾರ ಬರೆಯುತ್ತ ಹೋದೆವು.

ಮಗು ವಾರಗಟ್ಟಲೆ ಬಾರದಿದ್ದುದನ್ನು ಅಂಗನವಾಡಿ ಟೀಚರ್ ಗಮನಿಸಿದ್ದರು. ಮುಂಗೈ ಊದಿಕೊಂಡಿದ್ದುದನ್ನು ಆಶಾ ಕಾರ್ಯಕರ್ತೆ ಕಂಡಿದ್ದರು. ಗಡಿಯಾಚೆ ಮಂಗಳೂರಿನ ಆಸ್ಪತ್ರೆಯೊಂದರ ಚೀಟಿಯಲ್ಲಿ ‘ಮೆಟ್ಟಿಲಿನಿಂದ ಬಿದ್ದದ್ದು’ ಎಂದಿತ್ತು, ಆ ಮಾತು ಹೇಳಿದಾಗ ಪಕ್ಕದಲ್ಲಿ ನಿಂತಿದ್ದವನು ಗಂಡ. ಠಾಣೆಯಲ್ಲಿ ಆಕೆ ಕನ್ನಡದಲ್ಲಿ ಹೇಳಿದ ದೂರು ಮಲಯಾಳದಲ್ಲಿ ಬರೆಯಲ್ಪಟ್ಟು ‘ರಾಜಿಯಾಗಿದೆ’ ಎಂದು ಮುಗಿದಿತ್ತು. ತಾನು ಓದಲಾರದ ಕಾಗದಕ್ಕೆ ಆಕೆ ಸಹಿ ಹಾಕಿದ್ದಳು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದ್ದರೂ ಅದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ನನ್ನದೇ ಪುಸ್ತಕದಲ್ಲಿ ‘ಎರಡು ವಾರ ಕಾದು ನೋಡುವುದು’ ಎಂಬ ಸಾಲಿತ್ತು, ಎರಡು ವಾರದ ನಂತರದ ಪುಟದಲ್ಲಿ ಆಕೆಯ ಹೆಸರೇ ಇರಲಿಲ್ಲ. ಅದನ್ನು ಎಲ್ಲರ ಮುಂದೆ ಓದಿದಾಗ ನನ್ನ ಧ್ವನಿ ನಡುಗಿತು, ಆದರೆ ಆ ಬಳಿಕವೇ ಉಳಿದವರೂ ಮನಸ್ಸು ಬಿಚ್ಚಿ ಮಾತನಾಡಿದರು.

ಸುಳಿವು ಪ್ರತಿಯೊಬ್ಬರ ಬಳಿಯೂ ಚೂರುಚೂರಾಗಿ ಇತ್ತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ, ನೊಂದ ಹೆಂಗಸರ ನೆರವಿಗೆ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು, ಪ್ರತಿಯನ್ನು ಠಾಣೆಗೂ ಕಳುಹಿಸಬೇಕು. ಆಕೆಯ ವಿಷಯದಲ್ಲಿ ಆ ವರದಿ ಬರೆಯಲ್ಪಡಲೇ ಇಲ್ಲ, ಏಕೆಂದರೆ ನಮ್ಮಲ್ಲಿ ಒಬ್ಬರೂ ಆಕೆಯನ್ನು ಆ ಅಧಿಕಾರಿಯ ಬಳಿಗೆ ಕಳುಹಿಸಿರಲಿಲ್ಲ.

‘ಜಾಗೃತಿ ಮೂಡಿಸಬೇಕು’ ಎಂಬ ಸಾಲನ್ನು ಶಿಫಾರಸಿನಲ್ಲಿ ಸೇರಿಸಲು ನಾನು ಒಪ್ಪಲಿಲ್ಲ. ಅಂಥ ಸಾಲಿಗೆ ಹೊಣೆಗಾರರೇ ಇರುವುದಿಲ್ಲ. ಬದಲಿಗೆ ಪ್ರತಿ ಕೆಲಸದ ಎದುರು ಒಬ್ಬರ ಹುದ್ದೆ ಮತ್ತು ಒಂದು ತಾರೀಕು ಬರೆದೆವು. ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಕೇಳುವುದು, ಹೇಳಿಕೆಯನ್ನು ಆಕೆಯ ಭಾಷೆಯಲ್ಲಿ ಓದಿ ಹೇಳಿದ ನಂತರವೇ ಸಹಿ ಪಡೆಯುವುದು, ರಾಜಿಯಾದ ಹದಿನೈದನೇ ದಿನ ಆಕೆಯನ್ನು ಪ್ರತ್ಯೇಕವಾಗಿ ಭೇಟಿಯಾಗುವುದು ಮೊದಲಾದವು ಈಗ ನಡೆಯುತ್ತಿವೆ. ಮೂರು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ತೆರೆದು ಆಗದಿದ್ದುದನ್ನು ಗಟ್ಟಿಯಾಗಿ ಓದುತ್ತೇವೆ. ಮಂಗಳೂರಿನ ಆಸ್ಪತ್ರೆಗಳಿಂದ ಮಾಹಿತಿ ನಮ್ಮ ಕಡೆಗೆ ತಲುಪುವ ದಾರಿ ಇನ್ನೂ ಆಗಿಲ್ಲ; ಆ ಸಾಲಿನ ಮುಂದೆ ತಾರೀಕನ್ನು ಎರಡು ಸಲ ಬದಲಿಸಿದ್ದೇವೆ.