ಜಿಂಕೆ ಬೇಟೆಗೆ ಹೊರಟಿದ್ದೀರಾ? ಜಾಕೆಟ್ ಅಡುಗೆಮನೆಯಿಂದ ತೆಗೆಯಿರಿ

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 9 ದಿನದ ಬಂದೂಕು ಬೇಟೆ ಶುರು. ನಮ್ಮ ಹುಡುಗರು ಕೆಲವರು ಮೊದಲ ಸಲ ಲೈಸೆನ್ಸ್ ತೆಗೆದುಕೊಂಡಿದ್ದಾರೆ, ಅವರಿಗೇ ಇದು. (ಊರಿಗೆ ಹೋದಾಗ ಈ ಆಸೆ ಬೇಡ, ಅಲ್ಲಿ ಜಿಂಕೆ ಹೊಡೆದರೆ ಜೈಲು.)

ವಾಸನೆ ಕಳೆಯುವ ಸ್ಪ್ರೇಗೆ ದುಡ್ಡು ಸುರಿಯುವ ಮುಂಚೆ ಜಾಕೆಟ್ ಎಲ್ಲಿ ನೇತುಹಾಕಿದ್ದೀರಿ ನೋಡಿ. ಮೊದಲ ವರ್ಷ ನನ್ನದು ಅಡುಗೆಮನೆ ಬಾಗಿಲ ಹಿಂದೆ ಇತ್ತು, ಹಿಂದಿನ ರಾತ್ರಿ ಸಾರಿಗೆ ಇಂಗಿನ ಒಗ್ಗರಣೆ ಬೇರೆ ಬಿದ್ದಿತ್ತು. ಬೆಳಿಗ್ಗೆ ಒಂದು ಹೆಣ್ಣು ಜಿಂಕೆ ಹತ್ತಿರ ಬಂದು ಮೂಗೆತ್ತಿತು, ಮುಂಗಾಲನ್ನು ಎರಡು ಸಲ ನೆಲಕ್ಕೆ ಬಡಿಯಿತು, ಫುಸ್ ಅಂತ ಊದಿ ಬಿಳಿ ಬಾಲ ಎತ್ತಿಕೊಂಡು ಓಡೇಬಿಟ್ಟಿತು. ಈಗ ಬಟ್ಟೆಯನ್ನು ಅಡುಗೆ ಸೋಡಾ ಹಾಕಿ ತೊಳೆದು, ಹೊರಗೆ ಒಣಗಿಸಿ, ಓಕ್ ಎಲೆ ಹಾಕಿದ ಮುಚ್ಚಳದ ಡಬ್ಬದಲ್ಲಿ ಗ್ಯಾರೇಜಿನಲ್ಲಿಡುತ್ತೇನೆ. ಫಳಫಳ ಹೊಳೆಸುವ ಸೋಪಿನ ಪುಡಿ ಬೇಡ, ನಮಗೆ ಅಷ್ಟಾಗಿ ಕಾಣದ ಆ ನೀಲಿ ಹೊಳಪು ಜಿಂಕೆಗೆ ಚೆನ್ನಾಗಿ ಕಾಣುತ್ತೆ. ಬೇಟೆಯ ಬೂಟು ಹಾಕಿಕೊಂಡು ಪೆಟ್ರೋಲ್ ಬಂಕಿಗೂ ಇಳಿಯಬೇಡಿ.

ಆದರೆ ಎಷ್ಟು ತೊಳೆದರೂ ಉಸಿರಿನ ವಾಸನೆ ಎಲ್ಲಿ ಹೋಗುತ್ತೆ? ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ಕೂತ್ಕೊಳ್ಳಿ. ಒಂದು ಚಿಟಿಕೆ ಜೋಳದ ಹಿಟ್ಟು ತೂರಿದರೆ ಗೊತ್ತಾಗುತ್ತೆ. ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತೆ, ಸಂಜೆ ಕೆಳಕ್ಕೆ ಇಳಿಯುತ್ತೆ.

ಸೊಂಟದಿಂದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಇರಲೇಬೇಕು, ಕಾನೂನು. ಜಿಂಕೆಗೆ ಕಿತ್ತಳೆ ನಮಗೆ ಕಂಡಂತೆ ಕಾಣಲ್ಲ, ಬಂದೂಕು ಹಿಡಿದ ಇನ್ನೊಬ್ಬನಿಗೆ ಕಂಡರೆ ಸಾಕು ಅಲ್ವಾ! ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಕುಡಿದು ಮೈ ಕೊರೆಯುತ್ತೆ, ಉಣ್ಣೆ ಹಾಕಿ. ನಡೆಯುವಾಗ ದಪ್ಪ ಜಾಕೆಟ್ ಚೀಲದಲ್ಲಿರಲಿ. ಬೂಟು ಬಿಗಿಯಾಗುವಷ್ಟು ಕಾಲುಚೀಲ ತುರುಕಿದರೆ ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತೆ.

ತಿನ್ನೋಕೆ ಚಕ್ಕುಲಿ ಕಟ್ಟಿಕೊಳ್ಳಬೇಡಿ. ಆ ನಿಶ್ಶಬ್ದದಲ್ಲಿ ಒಂದು ಕಟುಂ ಅಂದರೆ ಸಾಕು, ಕಾಡಿಗೆಲ್ಲ ಕೇಳುತ್ತೆ. ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಸುರುಳಿ ಬಟ್ಟೆಯಲ್ಲಿ ಸುತ್ತಿ, ಬಾಳೆಹಣ್ಣು ಸೇರಿಸಿ. ಹಸಿ ಈರುಳ್ಳಿ ಬೇಡವೇ ಬೇಡ. ಕಾಫಿ ಅರ್ಧ ಲೋಟ ಸಾಕು, ಆಮೇಲೆ ಕಾದು ಕೂತ ಮರದ ಅಟ್ಟಣೆಯಿಂದ ಇಳಿಯುವ ಪಾಡು ನಿಮ್ಮದೇ.

ಜಿಂಕೆ ಸಿಕ್ಕರೆ ಕರುಳು ಬೇಗ ತೆಗೆದು ಮಾಂಸ ತಣ್ಣಗೆ ಮಾಡಿ. 2002ರಿಂದ ಇಲ್ಲಿನ ಜಿಂಕೆಗಳಲ್ಲಿ ಮೆದುಳು ಹಾಳುಮಾಡುವ ಸಿಡಬ್ಲ್ಯುಡಿ ಕಾಯಿಲೆ ಇದೆ, ತಲೆಯನ್ನು ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಮಾಂಸಕ್ಕೆ ಚೀಟಿ ಅಂಟಿಸಿ ಫ್ರೀಜರ್‌ನಲ್ಲಿಡಿ, ಕಾಯಿಲೆ ಇಲ್ಲ ಅಂತ ಬಂದ ಮೇಲೆ ಸಾರು.